ಅರ್ಕಾವತಿ ದಂಡೆ ಉಳಿಸೋದು ಅಂದ್ರೆ ಏನು? ನಾಲ್ಕು ತಾಲ್ಲೂಕಿನವರು ತಿಳಿದಿರಬೇಕಾದ ಸಂಗತಿಗಳು

ಕರಾವಳಿ ಕಡೆ ಅಳಿವೆಗಳಲ್ಲಿ ಕಾಂಡ್ಲಾ ಗಿಡ ನೆಟ್ಟು ದಡ ಉಳಿಸುವ ಸುದ್ದಿ ಆಗಾಗ ಓದ್ತೀವಿ. 2024ರ ಜನವರಿಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಮಾಗಡಿ ಕೆರೆಗೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆಗ ನಮ್ಮ ಕಡೆಯ ಕೆಲವರು ‘ನಮ್ಮ ಮಾಗಡಿ’ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಗದಗ ಜಿಲ್ಲೆಯ ಮಾಗಡಿ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಯಾವ ನೀರಿನ ತಾಣವೂ ಆ ಪಟ್ಟಿಯಲ್ಲಿಲ್ಲ.

ಸಮುದ್ರ ಇಲ್ಲದಿದ್ದರೂ ನಮಗೆ ದಡ ಇದೆ. ಅದು ಅರ್ಕಾವತಿಯ ದಡ. ಈ ಹೊಳೆಯ ಮೇಲೆ ನಡೆದಿರುವ ಸಂಶೋಧನೆ ಏನು ಹೇಳುತ್ತೆ, ಪುನಶ್ಚೇತನ ಅಂದಾಗ ಏನು ಮಾಡಬೇಕು, ಏನು ಮಾಡಿದರೆ ದುಡ್ಡು ದಂಡ ಎಂಬ ವಿವರ ಇಲ್ಲಿದೆ.

ಹೊಳೆಯ ದಾರಿ

ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಉದ್ದ ಸುಮಾರು 190 ಕಿ.ಮೀ. ಮೊದಲು ಸಿಗುವ ದೊಡ್ಡ ಕಟ್ಟೆ ಹೆಸರಘಟ್ಟ. ಆಮೇಲೆ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ. ಅಲ್ಲಿ ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿ ಸೇರುತ್ತೆ. 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿದೆ. ಅಲ್ಲಿಂದ ಮುಂದೆ ಮಂಚನಬೆಲೆ, ರಾಮನಗರ ಪಟ್ಟಣ, ಕನಕಪುರ ಪಟ್ಟಣ, ಹಾರೋಬೆಲೆ ಜಲಾಶಯ. ಕೊನೆಗೆ ಸಂಗಮದಲ್ಲಿ ಕಾವೇರಿ. ಅದರಿಂದ ಸ್ವಲ್ಪ ಕೆಳಗೆ ಮೇಕೆದಾಟು.

ಚನ್ನಪಟ್ಟಣದ ಲೆಕ್ಕ ಬೇರೆ. ಅಲ್ಲಿನ ಕಣ್ವ ಹೊಳೆ ಅರ್ಕಾವತಿಗೆ ಸೇರದೆ ಶಿಂಷಾಗೆ ಸೇರುತ್ತೆ. ಶಿಂಷಾ ಮತ್ತೆ ಕಾವೇರಿಗೆ. ಅಂದರೆ ನಾಲ್ಕೂ ತಾಲ್ಲೂಕಿನ ಚರಂಡಿ ನೀರು, ಮಳೆ ನೀರು ಕೊನೆಗೆ ಹೋಗುವುದು ಒಂದೇ ಕಡೆ.

ಹೊಳೆ ಯಾಕೆ ಬತ್ತಿತು?

‘ಮಳೆ ಕಮ್ಮಿಯಾಯ್ತು, ಹೊಳೆ ಬತ್ತಿತು’ ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಜೊತೆಗಾರರು ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಹಿಡಿದು ಇದನ್ನೇ ಪರೀಕ್ಷೆ ಮಾಡಿದರು. ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರು ಐದು ಕಾರಣ ಇಟ್ಟುಕೊಂಡು ಒಂದೊಂದನ್ನೇ ತೂಗಿದರು: ಮಳೆ ಕಡಿಮೆಯಾದದ್ದು, ಬಿಸಿಲು ಹೆಚ್ಚಾದದ್ದು, ಅಂತರ್ಜಲ ಎತ್ತಿದ್ದು, ನೀಲಗಿರಿ ತೋಪು ಹೆಚ್ಚಿದ್ದು, ಹಳ್ಳಗಳಿಗೆ ಅಡ್ಡಲಾಗಿ ಚೆಕ್ ಡ್ಯಾಂ ಮುಂತಾದವು ಬಂದದ್ದು.

ಮಳೆಯ ಮೇಲೋ ಬಿಸಿಲಿನ ಮೇಲೋ ತಪ್ಪು ಹೊರಿಸಲು ಲೆಕ್ಕ ಸಿಗಲಿಲ್ಲ. ಮುಖ್ಯ ಕಾರಣವಾಗಿ ಕಂಡದ್ದು ಅಂತರ್ಜಲ ಬಳಕೆ ಮತ್ತು ನೀಲಗಿರಿ. ಹಳ್ಳಗಳ ಅಡ್ಡಗಟ್ಟೆಗಳ ಪಾಲೂ ಸ್ವಲ್ಪ ಇದೆ.

ಇದು ಹೇಗೆ ಅಂತ ಹಳೇ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೆರೆದ ಬಾವಿಯಲ್ಲಿ ಕೈಗೆಟಕುವಷ್ಟು ಮೇಲೆ ನೀರಿದ್ದ ಕಾಲದಲ್ಲಿ ಭೂಮಿಯೊಳಗಿನ ನೀರು ಜಿನುಗಿ ಹಳ್ಳಕ್ಕೆ ಬರುತ್ತಿತ್ತು. ಮಳೆ ನಿಂತು ತಿಂಗಳುಗಳಾದರೂ ಹೊಳೆ ಹರಿಯುತ್ತಿದ್ದದ್ದು ಅದರಿಂದ. ಬೋರ್‌ವೆಲ್ ನೂರಾರು ಅಡಿ ಆಳಕ್ಕೆ ಹೋದ ಮೇಲೆ ಲೆಕ್ಕ ತಿರುಗಿತು. ಈಗ ಹಳ್ಳಕ್ಕೆ ಬಿದ್ದ ಮಳೆ ನೀರನ್ನೇ ಒಣಗಿದ ನೆಲ ಕುಡಿಯುತ್ತೆ. ನೀಲಗಿರಿ ಬೇರು ಮಣ್ಣಿನಲ್ಲಿ ಉಳಿದ ತೇವವನ್ನೂ ಎಳೆಯುತ್ತೆ.

ಆದ್ದರಿಂದ ಹೊಳೆಯಲ್ಲಿ ಹೂಳು ತೆಗೆದರೆ ಮಾತ್ರ ನೀರು ವಾಪಸ್ ಬರಲ್ಲ. ಸಿಕ್ಕಸಿಕ್ಕ ಹಳ್ಳಕ್ಕೆಲ್ಲ ಚೆಕ್ ಡ್ಯಾಂ ಕಟ್ಟಿದರೂ ಬರಲ್ಲ. ಚೆಕ್ ಡ್ಯಾಂ ಪಕ್ಕದ ಬೋರ್‌ವೆಲ್‌ಗೆ ಲಾಭ ಆಗಬಹುದು. ಆ ನೀರು ಕೆಳಗಿನ ಕೆರೆಗೆ ಬರಬೇಕಾಗಿದ್ದ ಪಾಲು ಎಂಬುದನ್ನೂ ನೆನಪಿಡಬೇಕು.

ಸರ್ಕಾರದ ಕಡೆಯಿಂದ ಕೆಲವು ಕ್ರಮ ಆಗಿವೆ. 2003ರಲ್ಲಿ ತಿಪ್ಪಗೊಂಡನಹಳ್ಳಿ ಜಲಾನಯನದಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹಾಕಿದ ಅಧಿಸೂಚನೆ ಬಂತು. 2019ರಲ್ಲಿ ಅದನ್ನು ಸಡಿಲಿಸಲಾಯಿತು. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಬೋರ್‌ವೆಲ್ ಕೊರೆಯಲು ಅನುಮತಿ ಬೇಕು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಆದರೆ ನೀಲಗಿರಿ ಕಡಿದ ಬುಡದಿಂದ ಮತ್ತೆ ಚಿಗುರುತ್ತೆ. ಬುಡ ಕೀಳದೆ ತೋಪು ಹೋಗಲ್ಲ.

ಈಗ ಹರಿಯುತ್ತಿರುವುದು ಯಾರ ನೀರು?

ಕನಕಪುರದವರು ಕೇಳಬಹುದು: ‘ನಮ್ಮಲ್ಲಿ ಬೇಸಿಗೆಯಲ್ಲೂ ಹೊಳೆ ಹರಿಯುತ್ತಲ್ಲ?’ ಹರಿಯುತ್ತೆ. ಅದರಲ್ಲಿ ಬಹುಪಾಲು ಬೆಂಗಳೂರು ಬಳಸಿ ಬಿಟ್ಟ ನೀರು. ನಗರದ ಪಶ್ಚಿಮ ಮತ್ತು ದಕ್ಷಿಣ ಭಾಗದ ಕೊಳಚೆ ವೃಷಭಾವತಿಗೆ ಇಳಿದು, ಬಿಡದಿ ಹೋಬಳಿಯ ಭೈರಮಂಗಲ ಕೆರೆ ಕಡೆಯಿಂದ ಬಂದು ಅರ್ಕಾವತಿಗೆ ಸೇರುತ್ತೆ. ಕೃಷಿಗೆಂದು ಕಟ್ಟಿದ್ದ ಭೈರಮಂಗಲ ಕೆರೆಯ ಇವತ್ತಿನ ನೊರೆ, ವಾಸನೆಯನ್ನು ಆ ಭಾಗದವರೇ ಹೇಳಬೇಕು.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ್ದು 17. ಅದರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕನಕಪುರ ಪಟ್ಟಣದವರೆಗಿನ ಅರ್ಕಾವತಿಯೂ ಇದೆ. ಇಲ್ಲಿ ನೋಡುವ ಮುಖ್ಯ ಅಳತೆಗೆ ಬಿಒಡಿ ಅಂತಾರೆ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಹೊರಗೆ ಸ್ನಾನ ಮಾಡಲು ಯೋಗ್ಯ ಎನ್ನಬೇಕಾದರೆ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮೀರಿದಷ್ಟೂ ಮೀನಿಗೆ ಉಸಿರು ಕಮ್ಮಿ.

ಮುಂದಿನ ಲೆಕ್ಕವನ್ನೂ ಹಾಕಿಕೊಳ್ಳಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತದಿಂದ ಬೆಂಗಳೂರಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ಸಿಗಬೇಕು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80 ಚರಂಡಿಗೆ ಹೋಗುತ್ತೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ಒಂದು ಪಾಲು ವೃಷಭಾವತಿ ದಾರಿಯಲ್ಲಿ ನಮ್ಮ ಕಡೆಗೇ ಬರುತ್ತೆ. ಶುದ್ಧ ಮಾಡಿ ಬಿಟ್ಟರೆ ಅದು ನಮಗೆ ಬೇಸಿಗೆ ನೀರು. ಹಾಗೇ ಬಿಟ್ಟರೆ ನಮ್ಮ ಹೊಲ, ಮೇವು, ಹಾಲಿನ ಮೇಲೆ ಹೊರೆ.

ಎಲ್ಲಾ ತಪ್ಪನ್ನೂ ಬೆಂಗಳೂರಿನ ಮೇಲೆ ಹಾಕುವ ಹಾಗೂ ಇಲ್ಲ. ನಮ್ಮ ಪಟ್ಟಣಗಳ ಚರಂಡಿ, ಮಾಂಸದಂಗಡಿ ತ್ಯಾಜ್ಯ, ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳ ನೀರು, ಅಂಗಡಿಯ ಪ್ಲಾಸ್ಟಿಕ್ ಕೂಡ ಇದೇ ಹೊಳೆಗೆ ಇಳಿಯುತ್ತೆ.

ದಂಡೆ ಮಾಡುವ ಕೆಲಸ

ದಂಡೆ ಅಂದರೆ ನೀರು ಮತ್ತು ಹೊಲದ ನಡುವಿನ ಖಾಲಿ ಜಾಗ ಅಂತ ಅನ್ನಿಸಬಹುದು. ಆದರೆ ಅದಕ್ಕೆ ಮೂರು ಕೆಲಸ ಇದೆ. ಒಂದು, ಮರದ ಬೇರು ಮಣ್ಣು ಹಿಡಿಯುತ್ತೆ. ಎರಡು, ಹುಲ್ಲು ಜೊಂಡು ಹೊಲದಿಂದ ಬರುವ ಗೊಬ್ಬರ, ಔಷಧಿ ನೀರನ್ನು ಸ್ವಲ್ಪ ಸೋಸುತ್ತೆ. ಮೂರು, ಪ್ರವಾಹ ಬಂದಾಗ ನೀರಿಗೆ ಹರಡಿಕೊಳ್ಳಲು ಜಾಗ ಕೊಡುತ್ತೆ.

ಮೂರನೆಯದು ಅಂಗಡಿಯವರಿಗೆ ಗೊತ್ತಿರಲೇಬೇಕು. 2022ರ ಆಗಸ್ಟ್ ಕೊನೆಯ ಮಳೆಯಲ್ಲಿ ರಾಮನಗರ, ಚನ್ನಪಟ್ಟಣದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿತು. ಕೆರೆ ಕೋಡಿ, ರಾಜಕಾಲುವೆ, ಹೊಳೆ ದಂಡೆ ಕಿರಿದಾದಷ್ಟೂ ಅದೇ ಮಳೆ ಹೆಚ್ಚು ಎತ್ತರಕ್ಕೆ ಏರುತ್ತೆ. ನಷ್ಟ ಆಗುವುದು ಕೆಳಗಿನ ಸಾಲಿನ ಮಳಿಗೆಯವರಿಗೆ.

ರಾಮನಗರದಲ್ಲಿ ಅರ್ಕಾವತಿ ದಂಡೆ ಅಭಿವೃದ್ಧಿಯ ಮಾತು ಕೇಳಿಬಂದಾಗ ಇದನ್ನು ನೋಡಬೇಕು. ಕಲ್ಲು ಗೋಡೆ ಕಟ್ಟಿ, ವಾಕಿಂಗ್ ಪಾತ್ ಹಾಕಿ, ದೀಪ ಹಚ್ಚಿದರೆ ಸಂಜೆ ವ್ಯಾಪಾರ ಚೆನ್ನಾಗಿ ಆಗಬಹುದು, ತಪ್ಪಲ್ಲ. ಆದರೆ ಗೋಡೆ ಹೊಳೆಯನ್ನು ಕಿರಿದು ಮಾಡಿದರೆ ಪ್ರವಾಹ ಇನ್ನೊಂದು ಕಡೆ ನುಗ್ಗುತ್ತೆ. ಕೊಳಚೆ ನಿಲ್ಲದೆ ದೀಪ ಹಾಕಿದರೆ ವಾಸನೆಯಲ್ಲಿ ನಡೆಯಲು ಯಾರೂ ಬರಲ್ಲ.

ಕಳೆದುಕೊಳ್ಳಲು ಇನ್ನೂ ಏನಿದೆ?

ಸಂಗಮದ ಕಡೆ ಹೋದರೆ ದಂಡೆ ಹೇಗಿರಬೇಕು ಎಂಬುದು ಕಣ್ಣಿಗೆ ಕಾಣುತ್ತೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಆ ಭಾಗದಲ್ಲಿ ದೊಡ್ಡ ಹೊಳೆಮತ್ತಿ ಮರಗಳಿವೆ. ನೀರುನಾಯಿ, ಮೊಸಳೆ ಇವೆ. ದಡದ ಮರಗಳ ಮೇಲೆ ಬೂದು ಬಣ್ಣದ ದೊಡ್ಡ ಅಳಿಲು ಬದುಕುತ್ತೆ. ಅದು ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟು ಬೇರೆಲ್ಲೂ ಇಲ್ಲ. ಒಂದು ಮರದಿಂದ ಇನ್ನೊಂದಕ್ಕೆ ಕೊಂಬೆ ಮೇಲೇ ಸಾಗುವ ಪ್ರಾಣಿ. ನಡುವೆ ಮರ ಹೋದರೆ ಅದರ ದಾರಿ ಕಡಿದ ಹಾಗೆ.

ನೀರಿನಲ್ಲಿ ಡುಬ್ಬದ ಮಹಶೀರ್ ಮೀನಿದೆ. ಒಂದು ಕಾಲಕ್ಕೆ ಕಾವೇರಿಯ ಗಾಳ ಶಿಬಿರಗಳಿಗೆ ಪ್ರಪಂಚದ ಮೂಲೆಮೂಲೆಯಿಂದ ಜನ ಬಂದದ್ದು ಈ ಮೀನಿಗಾಗಿ. ಅದರ ಸರಿಯಾದ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಅಂತ ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ ಎಂದು ಸೇರಿತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಇದು ಎಲ್ಲೂ ಇಲ್ಲ. ಅರ್ಕಾವತಿ ಹೊತ್ತು ತರುವ ಕೊಳೆ ಬಂದು ಬೀಳುವುದೂ ಇದೇ ಕಾವೇರಿಗೆ.

ಗಿಡ ನೆಡುವವರಿಗೆ

ಕರಾವಳಿಯ ಕಾಂಡ್ಲಾ ಕೆಲಸದಿಂದ ಕಲಿಯಬೇಕಾದ ಪಾಠ ಇದೆ. ಭರತ–ಇಳಿತದ ನೀರು ಎಲ್ಲಿಯವರೆಗೆ ಬರುತ್ತೆ ಅಂತ ನೋಡದೆ ನೆಟ್ಟ ಸಸಿ ಉಳಿಯಲ್ಲ. ಹೊಳೆ ದಂಡೆಯಲ್ಲೂ ಹಾಗೇ, ನೀರಿನ ಮಟ್ಟ ನೋಡಿ ನೆಡಬೇಕು.

- ನೀರಿಗೆ ಹತ್ತಿರ: ಹೊಳೆಮತ್ತಿ, ನೀರಂಜಿ, ಅತ್ತಿ. ಇವು ಪ್ರವಾಹ ತಡೆಯುತ್ತವೆ.
- ಸ್ವಲ್ಪ ಮೇಲೆ: ಹೊಂಗೆ, ನೇರಳೆ, ಹುಣಸೆ, ಬಿದಿರು.
- ಇನ್ನೂ ಮೇಲಿನ ಒಣ ಜಾಗ: ಹಾಲೆಮರ. ಚನ್ನಪಟ್ಟಣದ ಗೊಂಬೆಗೆ ಬೇಕಾದ ಮರವೇ ಇದು.
- ತೆಗೆಯಬೇಕಾದ್ದು: ಬಳ್ಳಾರಿ ಜಾಲಿ, ಲಂಟಾನ. ಒಂದೇ ಸಲ ಬೋಳು ಮಾಡಿದರೆ ಮಣ್ಣು ಕೊಚ್ಚಿ ಹೋಗುತ್ತೆ. ಸಾಲು ಸಾಲಾಗಿ ತೆಗೆದು ಹಿಂದೆಯೇ ನೆಡಬೇಕು.
- ನೆಟ್ಟ ಮೇಲೆ ಕನಿಷ್ಠ ಎರಡು ಮೂರು ಬೇಸಿಗೆ ನೀರು, ಬೇಲಿ. ಇಲ್ಲದಿದ್ದರೆ ಫೋಟೊ ಮಾತ್ರ ಉಳಿಯುತ್ತೆ.

ಯಾರನ್ನು ಏನು ಕೇಳಬೇಕು?

ನಗರಸಭೆ, ಪುರಸಭೆ: ನಮ್ಮ ವಾರ್ಡಿನ ಚರಂಡಿ ಒಳಚರಂಡಿಗೆ ಸೇರಿದೆಯೋ, ಹೊಳೆಗೋ? ಶುದ್ಧೀಕರಣ ಘಟಕದಲ್ಲಿ ದಿನಕ್ಕೆ ಎಷ್ಟು ನೀರು ನಿಜವಾಗಿ ಶುದ್ಧವಾಗುತ್ತೆ?

ಮಾಲಿನ್ಯ ನಿಯಂತ್ರಣ ಮಂಡಳಿ: ನಮ್ಮ ಭಾಗದ ಹೊಳೆ ನೀರಿನ ತಿಂಗಳ ಪರೀಕ್ಷೆಯಲ್ಲಿ ಬಿಒಡಿ ಎಷ್ಟು ಬಂದಿದೆ? ಮಾಹಿತಿ ಹಕ್ಕು ಅರ್ಜಿ ಹಾಕಿ ಪಡೆಯಬಹುದು.

ತಹಶೀಲ್ದಾರ್, ಸರ್ವೆ ಇಲಾಖೆ: ಹೊಳೆ, ಹಳ್ಳ, ರಾಜಕಾಲುವೆಯ ಗಡಿ ಗುರುತಿಸಿ ಕಲ್ಲು ನೆಟ್ಟಿದ್ದಾರಾ? ದಂಡೆ ಪಕ್ಕ ನಿವೇಶನ, ಮಳಿಗೆ ತಗೊಳ್ಳುವವರು ಪಹಣಿ ಜೊತೆಗೆ ಗ್ರಾಮ ನಕ್ಷೆಯನ್ನೂ ನೋಡಲೇಬೇಕು.

ಗ್ರಾಮ ಪಂಚಾಯಿತಿ: 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರ, ಮೀನು, ಹಕ್ಕಿಗಳ ದಾಖಲಾತಿ ಪುಸ್ತಕವೂ ಇರಬೇಕು. ನಿಮ್ಮ ಪಿಡಿಒ ಹತ್ತಿರ ಅದನ್ನು ಕೇಳಿ ನೋಡಿ. ಹೊಳೆಯಲ್ಲಿ ಮೊದಲು ಯಾವ ಮೀನಿತ್ತು, ಯಾವ ಮಡು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ ಅಂತ ಬಲ್ಲ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ. ಅವರ ಮಾತು ಪುಸ್ತಕಕ್ಕೆ ಸೇರಬೇಕು.

ಒಟ್ಟಿನಲ್ಲಿ ಮುಂದೆ ಯಾವ ಹೊಸ ಯೋಜನೆ ಬಂದರೂ ಮೂರು ಪ್ರಶ್ನೆ ಸಾಕು. ಮೇಲಿನ ಜಲಾನಯನದಲ್ಲಿ ಅಂತರ್ಜಲಕ್ಕೆ ಏನು ಮಾಡ್ತೀರಿ? ಕೊಳಚೆ ಎಲ್ಲಿ ತಡೀತೀರಿ? ದಂಡೆಗೆ ಎಷ್ಟು ಅಗಲ ಬಿಡ್ತೀರಿ? ಉತ್ತರ ಇದ್ದರೆ ಅದು ಹೊಳೆಯ ಕೆಲಸ. ಇಲ್ಲದಿದ್ದರೆ ಅದು ಬರೀ ಸಿಮೆಂಟ್ ಕೆಲಸ.