ಗಣಕವಿಜ್ಞಾನದಲ್ಲಿ ಸಂಶೋಧನಾರ್ಹತೆಯ ಪರೀಕ್ಷೆ: ಸ್ಟ್ಯಾನ್‌ಫರ್ಡ್‌ನ ಒಂದು ದಾಖಲೆ

ಗಣಿತ, ಭೌತವಿಜ್ಞಾನದಂತಹ ಶಾಸ್ತ್ರಗಳಲ್ಲಿ ಸಂಶೋಧನಾರ್ಥಿಯು ಏನನ್ನು ಅರಿತಿರಬೇಕೆಂಬುದನ್ನು ದೀರ್ಘ ಪರಂಪರೆಯೇ ನಿರ್ಧರಿಸಿತ್ತು. ಗಣಕವಿಜ್ಞಾನಕ್ಕೆ ಅಂತಹ ಪರಂಪರೆ ಇರಲಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯವು 1962ರಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ 1965ರಲ್ಲಿ ಜಾರ್ಜ್ ಫೋರ್ಸೈತ್ ಅವರ ನೇತೃತ್ವದಲ್ಲಿ ವಿಭಾಗ ರೂಪುಗೊಂಡಿತು. ಆ ಪೀಳಿಗೆಯ ಬೋಧಕರಲ್ಲಿ ಬಹುಮಂದಿ ಗಣಿತ ಮೊದಲಾದ ಅನ್ಯ ಕ್ಷೇತ್ರಗಳಲ್ಲಿ ಪದವಿ ಪಡೆದವರು. ತಾವು ವಿದ್ಯಾರ್ಥಿಗಳಾಗಿ ಓದದಿದ್ದ ಶಾಸ್ತ್ರದಲ್ಲಿ ಮುಂದಿನವರ ಸಿದ್ಧತೆಯನ್ನು ಅಳೆಯುವ ಹೊಣೆ ಅವರ ಮೇಲಿತ್ತು.

ಸ್ಟ್ಯಾನ್‌ಫರ್ಡ್ ವಿಭಾಗವು 1972ರ ವಸಂತದಿಂದ ನಡೆಸತೊಡಗಿದ ಸಮಗ್ರ ಪರೀಕ್ಷೆಯು ಈ ಹೊಣೆಗೆ ನೀಡಿದ ಒಂದು ಉತ್ತರ. ಸಾಮಾನ್ಯವಾಗಿ ಆರು ಗಂಟೆಗಳ ಲಿಖಿತ ಪರೀಕ್ಷೆ, ಅನಂತರ ಹಲವು ದಿನಗಳ ಪ್ರೋಗ್ರಾಮಿಂಗ್ ಸಮಸ್ಯೆ, ಇದು ಅದರ ಸ್ವರೂಪ. ಶಾಸ್ತ್ರದ ಎಲ್ಲ ಮುಖ್ಯ ಅಂಗಗಳಲ್ಲಿಯೂ ವಿದ್ಯಾರ್ಥಿಗೆ ಸಾಕಷ್ಟು ಸಿದ್ಧತೆಯಿದೆಯೇ ಎಂಬುದನ್ನು ತಿಳಿಯುವುದು ಉದ್ದೇಶ. ಇಂತಹ ಹದಿಮೂರು ಪರೀಕ್ಷೆಗಳ ಪ್ರಶ್ನೆಗಳನ್ನು ಉತ್ತರಗಳೊಡನೆ ಫ್ರ್ಯಾಂಕ್ ಲಿಯಾಂಗ್ ಅವರು ಸಂಪಾದಿಸಿದರು. 1978ರಲ್ಲಿ ಅವು ವಿಭಾಗದ ವರದಿಯಾಗಿ ಪ್ರಕಟವಾದವು.

ಪರೀಕ್ಷೆಯ ಈ ಎರಡು ಭಾಗಗಳು ಎರಡು ಬಗೆಯ ಅರ್ಹತೆಗಳನ್ನು ಶೋಧಿಸುತ್ತವೆ. ಲಿಖಿತ ಭಾಗವು ತಿಳಿವಳಿಕೆಯ ವಿಸ್ತಾರವನ್ನು ಅಳೆಯುತ್ತದೆ. ಪ್ರೋಗ್ರಾಮಿಂಗ್ ಭಾಗವು ಸಮಸ್ಯೆಯನ್ನು ವಿಂಗಡಿಸುವ, ಸೂಕ್ತ ವಿಧಾನವನ್ನು ಆರಿಸುವ, ಕೈಗೊಂಡುದನ್ನು ಪೂರ್ಣಗೊಳಿಸುವ ಸಾಮರ್ಥ್ಯವನ್ನು ಅಳೆಯುತ್ತದೆ. ಪ್ರಶ್ನೋತ್ತರಗಳು ಪ್ರಕಟವಾದುದರಿಂದ ಪರೀಕ್ಷಕರ ಮಾನದಂಡವೂ ಬಹಿರಂಗ ಪರಿಶೀಲನೆಗೆ ಒಳಪಟ್ಟಿತು. ಹೊಸ ಶಾಸ್ತ್ರವೊಂದು ತನ್ನ ಎಲ್ಲೆಗಳನ್ನು ಗುರುತಿಸಿಕೊಂಡ ದಾಖಲೆಯೆಂದೂ ಈ ವರದಿಯನ್ನು ಓದಬಹುದು.

ಇದೊಂದೇ ಮಾರ್ಗವಾಗಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸೆಮಿಸ್ಟರಿನ ಕೊನೆಗೆ ಬೋಧಕರು ಒಟ್ಟಾಗಿ ಸೇರಿ ಪ್ರತಿಯೊಬ್ಬ ಸಂಶೋಧನಾರ್ಥಿಯ ಪ್ರಗತಿಯನ್ನು ಚರ್ಚಿಸುವ ಪದ್ಧತಿ ಬೆಳೆಯಿತು. ‘ಬ್ಲ್ಯಾಕ್ ಫ್ರೈಡೇ’ ಎಂಬ ಅದರ ಹೆಸರೇ ವಿದ್ಯಾರ್ಥಿಗಳ ಆತಂಕವನ್ನು ಸೂಚಿಸುತ್ತದೆ. ಒಂದು ಪದ್ಧತಿ ಎಲ್ಲರಿಗೂ ಸಮಾನವಾದ ಪ್ರಶ್ನೆಯನ್ನು ನಂಬಿತು, ಇನ್ನೊಂದು ಗುರುಗಳ ಸಾಮೂಹಿಕ ವಿವೇಚನೆಯನ್ನು ನಂಬಿತು. ಮೊದಲನೆಯದರಲ್ಲಿ ಪಕ್ಷಪಾತಕ್ಕೆ ಅವಕಾಶ ಕಡಿಮೆ. ಎರಡನೆಯದರಲ್ಲಿ ನಿಧಾನವಾಗಿ ಅರಳುವ ಪ್ರತಿಭೆಯನ್ನು ಗುರುತಿಸುವ ಸಾಧ್ಯತೆ ಹೆಚ್ಚು.

ಆದರೆ ಸಿದ್ಧತೆ ಬೇರೆ, ಸ್ವೋಪಜ್ಞತೆ ಬೇರೆ. ವರದಿಯ ಸಂಪಾದಕರಾದ ಲಿಯಾಂಗ್ ಅವರೇ 1983ರ ತಮ್ಮ ಪ್ರೌಢಪ್ರಬಂಧದಲ್ಲಿ, ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಒಡೆಯಬೇಕೆಂಬುದನ್ನು ಗಣಕವೇ ನಿರ್ಣಯಿಸುವ ವಿಧಾನವನ್ನು ರೂಪಿಸಿದರು. ಡೊನಾಲ್ಡ್ ಕ್ನೂತ್ ಅವರ ಟೆಕ್ ಅಕ್ಷರಜೋಡಣಾ ವ್ಯವಸ್ಥೆ ಅದನ್ನು ಅಳವಡಿಸಿಕೊಂಡಿತು. ಅದೇ ಕ್ರಮದ ಪದವಿಭಜನಾ ಮಾದರಿಗಳು ಇಂದು ಕನ್ನಡಕ್ಕೂ ಲಭ್ಯವಿವೆ. ಪರರು ಕೇಳಿದ ಪ್ರಶ್ನೆಗೆ ಉತ್ತರಿಸುವ ಶಕ್ತಿಯನ್ನು ಪರೀಕ್ಷೆ ಅಳೆಯಬಲ್ಲದು. ಯಾರೂ ಕೇಳದ ಪ್ರಶ್ನೆಯನ್ನು ಕಂಡುಕೊಳ್ಳುವ ಶಕ್ತಿಗೆ ಪ್ರೌಢಪ್ರಬಂಧವೇ ಪ್ರಮಾಣ.