ಗಂಧಕ್ಕೆ ಕಾವಲು, ಆಲಕ್ಕೆ ನೆಲ

ಬೆಂಗಳೂರಿನ ಪಶ್ಚಿಮಕ್ಕೆ ಶ್ರೀಗಂಧದ ಕಾವಲ್ ಎಂಬ ಬಡಾವಣೆಯಿದೆ. ಕಾವಲ್ ಎಂದರೆ ಹಳೆಯ ಮೈಸೂರು ಸೀಮೆಯಲ್ಲಿ ಮೀಸಲಾಗಿ ಕಾಯ್ದಿರಿಸಿದ ಭೂಮಿ. ಇಂದು ಅಲ್ಲಿ ಕಾಣುವುದು ಮನೆ, ಅಂಗಡಿ, ಕಾರ್ಖಾನೆಗಳ ಸಾಲು. ಗಂಧ ಉಳಿದಿರುವುದು ಹೆಸರಿನಲ್ಲಿ.

ಶ್ರೀಗಂಧಕ್ಕೆ ಕಾಯುವವರಿರಲಿಲ್ಲವೆಂದಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನು. ಅನಂತರದ ಸರ್ಕಾರಗಳೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಮರವೂ ಸರ್ಕಾರದ್ದೇ. ಅದು ಕಳುವಾದರೆ ಜವಾಬು ಹೇಳಬೇಕಾದವನು ಮಾತ್ರ ರೈತ. ಹೀಗಿರುವಾಗ ಸಸಿಯನ್ನು ಬೆಳೆಯಗೊಡುವ ಮನಸ್ಸು ಯಾರಿಗೆ ಬಂದೀತು? 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ ಮರವು ಭೂಮಿಯ ಒಡೆಯನದಾಗುವ ಹೊತ್ತಿಗೆ ಗಂಧದ ಕಾಡುಗಳು ಬಹುಮಟ್ಟಿಗೆ ಬರಿದಾಗಿದ್ದವು. ಕಳ್ಳಸಾಗಣೆಯ ಪಾಲು ಇದರಲ್ಲಿ ದೊಡ್ಡದು, ನಿಜ. ಆದರೆ ಬೊಕ್ಕಸಕ್ಕಾಗಿ ಕಾದ ಮರವನ್ನು ಜನ ತಮ್ಮದೆಂದು ಬಗೆಯಲಿಲ್ಲವೆಂಬುದೇ ಮೂಲ ಕಾರಣವೆಂದು ನನ್ನ ಎಣಿಕೆ.

ಇದೇ ದಿಕ್ಕಿನಲ್ಲಿ, ಕೆಂಗೇರಿಯಿಂದಾಚೆ, ರಾಮೋಹಳ್ಳಿಯ ಬಳಿಯ ಕೇತೋಹಳ್ಳಿಯಲ್ಲಿ ದೊಡ್ಡ ಆಲದ ಮರವಿದೆ. ನಿಮ್ಮಲ್ಲಿ ಎಷ್ಟೋ ಮಂದಿ ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿರಬಹುದು. ವಯಸ್ಸು ನಾನೂರು ವರ್ಷವೆಂದು ಹೇಳುತ್ತಾರೆ. ಹರಹು ಸುಮಾರು 3 ಎಕರೆ. ಆಲ ಒಳ್ಳೆಯ ತೊಲೆಯಾಗದು, ಅದರಿಂದ ಪರಿಮಳದ ಎಣ್ಣೆಯೂ ಬಾರದು. ಯಾವ ಅರಸನೂ ಬೆಲೆ ಕಟ್ಟದ ಆ ಮರವನ್ನು ಕಾದುದು ಜನರ ಭಕ್ತಿ, ಮತ್ತು ದಣಿದವರಿಗೆ ಅದು ಕೊಟ್ಟ ನೆರಳು. 2000ದ ಸುಮಾರಿಗೆ ಮೂಲ ಕಾಂಡ ರೋಗದಿಂದ ಸತ್ತಿತು. ಈಗ ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಹೊಸದಾಗಿ ಕಂಡವರಿಗೆ ಅದೊಂದು ತೋಪೆನಿಸುತ್ತದೆ.

ಆದರೆ ಭಕ್ತಿಯೊಂದನ್ನೇ ನೆಚ್ಚಿಕೊಂಡಿರುವ ಕಾಲ ಇದಲ್ಲ. ನಗರ ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಉದ್ದಕ್ಕೂ ಹಬ್ಬುತ್ತಿದೆ. ದೇವನಹಳ್ಳಿಯ ಬಳಿಯ ನಲ್ಲೂರಿನಲ್ಲಿ ಬೇರೊಂದು ದಾರಿ ತೋರಿತು. ಅಲ್ಲಿನ ಸುಮಾರು 54 ಎಕರೆಯ ಪುರಾತನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಲಾಯಿತು. ದೇಶಕ್ಕೇ ಅದು ಮೊದಲನೆಯದು. ಇದಕ್ಕೆ ಆಧಾರವಾದ 2002ರ ಕಾಯಿದೆಯಲ್ಲಿ ನನಗೆ ಮೆಚ್ಚಿಕೆಯಾದುದು ಒಂದು ಮಾತು: ಸರ್ಕಾರ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಇಂಥ ತಾಣವನ್ನು ಗೊತ್ತುಪಡಿಸಬೇಕು. ರಾಜವೃಕ್ಷದ ವಿಷಯದಲ್ಲಿ ರೈತನನ್ನು ಕೇಳಿದವರಿರಲಿಲ್ಲ.

ಕಾಯಿದೆ ಕಾಯುವುದು ತಾಣವನ್ನು, ಅಂದರೆ ಮರದೊಂದಿಗೆ ನೆಲವನ್ನು. ಆಲಕ್ಕೆ ಬೇಕಾದುದೂ ಅದೇ. ತೂಗುವ ಬಿಳಲನ್ನು ಜಗ್ಗಿ ಮುರಿದರೆ, ಅಡಿಯ ಮಣ್ಣು ತುಳಿತಕ್ಕೆ ಗಟ್ಟಿಯಾದರೆ, ಅಥವಾ ಅಲ್ಲಿ ಕಲ್ಲು ಹಾಸಿದರೆ, ಮುಂದಿನ ಕಾಂಡ ಹುಟ್ಟುವುದಿಲ್ಲ. ಕೇತೋಹಳ್ಳಿಯಲ್ಲಿ ಬೇಲಿ ಹಾಕುವವರು ಈಗಿರುವ ಕೊಂಬೆಗಳ ತುದಿಗೆ ನಿಲ್ಲಿಸದೆ, ಇನ್ನೂ ಹತ್ತಾರು ಮಾರು ಆಚೆಗೆ ಗೂಟ ನೆಡಬೇಕು.