ಅಲ್ಟ್ರಾಸ್ ಅಹ್ಲಾವಿ

ಈಜಿಪ್ಟಿನ ರಾಜಧಾನಿ ಕೈರೋದ ಅಲ್ ಅಹ್ಲಿ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ ದಳ. 2007ರಲ್ಲಿ ಹುಟ್ಟಿತು. ಫುಟ್‌ಬಾಲ್ ಪುಂಡರು ಪ್ರತಿಭಟನೆಗಿಳಿಯುವುದು ರಾಜಕೀಯ ಉದ್ದೇಶದಿಂದಲೇ ಎಂಬ ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳಲ್ಲಿ ಒಂದು.

ಸ್ವರೂಪ: ‘ಹೂಲಿಗನ್’ (ಪುಂಡ) ಎಂಬುದು ಬೇರೆಯವರು ಅಂಟಿಸಿದ ಹೆಸರು, ‘ಅಲ್ಟ್ರಾಸ್’ ಇಟಲಿಯ ಅಭಿಮಾನಿಗಳು ತಾವೇ ಇಟ್ಟುಕೊಂಡದ್ದು. ಹೂಲಿಗನ್‌ಗೆ ಹೊಡೆದಾಟ ಮುಖ್ಯ, ಅಲ್ಟ್ರಾಸ್‌ಗೆ ಗ್ಯಾಲರಿ. ಇವೆರಡರ ನಡುವಿನ ಗೆರೆ ಆಗಾಗ ಅಳಿಸಿಹೋಗುವುದೂ ಉಂಟು. ಕೂಗು ಹೇಳಿಕೊಡುವ ಮುಂದಾಳುವಿಗೆ ‘ಕಾಪೊ’ ಎನ್ನುತ್ತಾರೆ. ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುವ ಅವನಿಗೆ ಆಟ ಕಾಣುವುದೇ ಕಡಿಮೆ. ಡೋಲು, ‘ಶಮಾರೀಖ್’ ಎಂಬ ಉರಿಯುವ ಬತ್ತಿ, ದಳದ ಬ್ಯಾನರ್ ಇವರ ಆಸ್ತಿ. ಕ್ಲಬ್ಬಿನಿಂದ ದುಡ್ಡು ತೆಗೆದುಕೊಳ್ಳಬಾರದೆಂಬುದು ಕಟ್ಟಳೆ.

2011ರ ಕ್ರಾಂತಿ: ಕ್ರಾಂತಿಗೆ ನಾಂದಿಯಾದ ಜನವರಿ 25ರ ಸರ್ಕಾರ ವಿರೋಧಿ ಮೆರವಣಿಗೆಗೆ ಮುನ್ನ ಅಹ್ಲಾವಿಯೂ ಎದುರಾಳಿ ಜಮಾಲೆಕ್ ಕ್ಲಬ್ಬಿನ ವೈಟ್ ನೈಟ್ಸ್ ದಳವೂ ತಮ್ಮದು ರಾಜಕೀಯ ಸಂಘಟನೆಯಲ್ಲವೆಂದೂ ಸದಸ್ಯರು ಸ್ವಂತ ಇಷ್ಟದಿಂದ ಭಾಗವಹಿಸಬಹುದೆಂದೂ ಹೇಳಿದ್ದವು. ಈ ಮಾತನ್ನು ಬರೀ ಜಾಣತನವೆಂದು ತಳ್ಳಿಹಾಕುವಂತಿಲ್ಲ. ಪಕ್ಷ, ಸಿದ್ಧಾಂತಗಳ ವಿಷಯದಲ್ಲಿ ಸದಸ್ಯರಲ್ಲಿ ಒಮ್ಮತವಿರಲಿಲ್ಲ. ಒಮ್ಮತವಿದ್ದದ್ದು ಪೊಲೀಸರ ಮೇಲಿನ ಸಿಟ್ಟಿನಲ್ಲಿ. ಸ್ಟೇಡಿಯಂ ಬಾಗಿಲಿನ ತಪಾಸಣೆ, ಲಾಠಿ, ಪಂದ್ಯಕ್ಕೆ ಮುಂಚಿನ ಬಂಧನ ಇವು ನಾಲ್ಕು ವರ್ಷಗಳಿಂದ ಅವರಿಗೆ ರೂಢಿಯಾಗಿದ್ದವು. ಅಶ್ರುವಾಯುವಿಗೆ ಚದುರಿ ಮತ್ತೆ ಸೇರುವುದು, ಡೋಲಿನ ಲಯಕ್ಕೆ ಮುನ್ನುಗ್ಗುವುದು ಗೊತ್ತಿದ್ದ ಕೆಲವೇ ಪಡೆಗಳಲ್ಲಿ ಇದೂ ಒಂದು. ಸರ್ಕಾರದ ಪರದವರು ಒಂಟೆ, ಕುದುರೆ ಏರಿ ಪ್ರತಿಭಟನಾಕಾರರ ಮೇಲೆರಗಿದ ತಹ್ರೀರ್ ಚೌಕದ ‘ಒಂಟೆ ಕಾಳಗ’ದಲ್ಲೂ (ಫೆಬ್ರವರಿ 2) ನವೆಂಬರಿನ ಮೊಹಮ್ಮದ್ ಮಹಮೂದ್ ಬೀದಿಯ ಘರ್ಷಣೆಯಲ್ಲೂ ದಳದವರಿದ್ದರು. ಆದರೂ ಕ್ರಾಂತಿಯನ್ನು ಗೆಲ್ಲಿಸಿದವರೇ ಇವರೆಂಬ ಮಾತು ಬಹುಶಃ ಅತಿಶಯ.

ಪೋರ್ಟ್ ಸಯೀದ್: 2012ರ ಫೆಬ್ರವರಿ 1ರಂದು ಈ ನಗರದ ಅಲ್ ಮಸ್ರಿ ತಂಡ ತನ್ನ ಮೈದಾನದಲ್ಲಿ ಅಹ್ಲಿಯನ್ನು 3–1ರಿಂದ ಸೋಲಿಸಿತು. ಕೊನೆಯ ಸೀಟಿ ಊದುತ್ತಲೇ ಗೆದ್ದವರ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ದೀಪಗಳು ಆರಿದವು. ಅಹ್ಲಿ ಗ್ಯಾಲರಿಯ ಹೊರಬಾಗಿಲಿಗೆ ಬೀಗ ಬಿದ್ದಿತ್ತು. ಇರಿತಕ್ಕೂ ನೂಕುನುಗ್ಗಲಿಗೂ ಸಿಕ್ಕಿ 70ಕ್ಕೂ ಹೆಚ್ಚು ಮಂದಿ ಸತ್ತರು. ಪೊಲೀಸರು ಸೇಡಿಗಾಗಿಯೇ ಸುಮ್ಮನಿದ್ದರೆಂದು ದಳ ಆರೋಪಿಸಿತು; ಕರ್ತವ್ಯಲೋಪವಂತೂ ಸ್ಪಷ್ಟ. ಮುಂದಿನ ಬೇಡಿಕೆ ಒಂದೇ: ‘ಕಿಸಾಸ್’, ಜೀವಕ್ಕೆ ಜೀವದ ನ್ಯಾಯ. ದಳ ಅತ್ಯಂತ ರಾಜಕೀಯವಾದದ್ದು ತನ್ನವರ ಹೆಣ ಹೊತ್ತ ಈ ಹೊತ್ತಿನಲ್ಲಿ. 2013ರ ಜನವರಿಯಲ್ಲಿ ನ್ಯಾಯಾಲಯ 21 ಜನರಿಗೆ ಮರಣದಂಡನೆ ವಿಧಿಸಿದಾಗ ಕೈರೋದಲ್ಲಿ ಸಂಭ್ರಮ, ಪೋರ್ಟ್ ಸಯೀದಿನಲ್ಲಿ ದಂಗೆ. 2017ರಲ್ಲಿ ಅಂತಿಮವಾಗಿ ಉಳಿದದ್ದು 10 ಮರಣದಂಡನೆ.

ಇತರೆಡೆ: ಇಸ್ತಾಂಬುಲ್‌ನ ಬೆಶಿಕ್ತಾಶ್ ಕ್ಲಬ್ಬಿನ ಚಾರ್ಶಿ ದಳ 2013ರ ಸರ್ಕಾರ ವಿರೋಧಿ ಗೇಜಿ ಪ್ರತಿಭಟನೆಯಲ್ಲಿತ್ತು, ಸರ್ಕಾರ ಉರುಳಿಸುವ ಸಂಚಿನ ಆರೋಪ ಹೊತ್ತ 35 ಜನ 2015ರಲ್ಲಿ ಮೊದಲ ಸಲ ಖುಲಾಸೆಯಾದರು. 2014ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ನಡೆದ ಹೂಲಿಗನ್ ಮೆರವಣಿಗೆ ಇದಕ್ಕೆ ವಿರುದ್ಧ ದಿಕ್ಕಿನದು, ಬಲಪಂಥೀಯ.

ಕೊನೆ: 2015ರಲ್ಲಿ ಕೈರೋ ನ್ಯಾಯಾಲಯವೊಂದು ಅಲ್ಟ್ರಾಸ್ ದಳಗಳನ್ನು ನಿಷೇಧಿಸಿತು. 2018ರ ಮೇ ತಿಂಗಳಲ್ಲಿ ಅಹ್ಲಾವಿ ತನ್ನ ಬ್ಯಾನರನ್ನು ತಾನೇ ಸುಟ್ಟು ವಿಸರ್ಜನೆ ಸಾರಿತು.